ಕುದುರೆಮುಖಕ್ಕೆ ಹೊರಡುವ ಮುನ್ನ: ಪರವಾನಗಿಯಿಂದ ಮರಳಿ ಮನೆ ಸೇರುವವರೆಗೆ

ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂದು ಮನಸ್ಸು ಮಾಡಿದವರಲ್ಲಿ ಬಹಳಷ್ಟು ಮಂದಿ ಮೊದಲು ರಜೆ ಹಾಕುತ್ತಾರೆ, ಅನಂತರ ಗಾಡಿ ಗೊತ್ತುಮಾಡುತ್ತಾರೆ, ಆಮೇಲೆ ಹೋಂಸ್ಟೇಗೆ ಮುಂಗಡ ಕಳುಹಿಸುತ್ತಾರೆ. ಅರಣ್ಯ ಇಲಾಖೆಯ ಪರವಾನಗಿಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದೇ ಈ ಲೇಖನದಲ್ಲಿ ನಾನು ಹೇಳಬೇಕಾಗಿರುವ ಮುಖ್ಯ ಮಾತು. ಮೊದಲು ಋತುವನ್ನು ನೋಡಬೇಕು, ನಂತರ ಏನನ್ನು ನೋಡಲು ಹೋಗುತ್ತಿದ್ದೇವೆ ಎಂಬುದನ್ನು ತೀರ್ಮಾನಿಸಬೇಕು, ಬಳಿಕ ಪರವಾನಗಿ ಪಡೆಯಬೇಕು. ರಜೆ, ಗಾಡಿ, ವಸತಿ ಇವೆಲ್ಲ ಅದರ ಹಿಂದೆ ಬರತಕ್ಕವು.

ಇದನ್ನು ನಾನು ಕಲಿತದ್ದು ಒಂದು ಪ್ರಯಾಣವನ್ನೇ ಕಳೆದುಕೊಂಡು. ಕೆಲವು ವರ್ಷಗಳ ಹಿಂದೆ, ಫೆಬ್ರವರಿಯ ಒಂದು ವಾರಾಂತ್ಯದಲ್ಲಿ, ಹಾಸನದಿಂದ ಬಂದಿದ್ದ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳನ್ನು ಕರೆದುಕೊಂಡು ನಸುಕಿನಲ್ಲೇ ಚಿಕ್ಕಮಗಳೂರಿನಿಂದ ಹೊರಟಿದ್ದೆ. ಬುತ್ತಿ ಕಟ್ಟಿಕೊಂಡಿದ್ದೆವು, ಮಕ್ಕಳಿಗೆ ಹೊಸ ಬೂಟು ಕೊಡಿಸಿದ್ದೆವು. ಅಲ್ಲಿಗೆ ತಲುಪಿದಾಗ ಅರಣ್ಯ ವೀಕ್ಷಕರೊಬ್ಬರು ನಮ್ಮನ್ನು ತಡೆದು, ಎದುರಿನ ಗುಡ್ಡದ ಒಣಹುಲ್ಲನ್ನು ತೋರಿಸಿ, ‘ಈಗ ಒಂದು ಕಿಡಿ ಬಿದ್ದರೆ ಸಾಕು ಸಾರ್, ಮಳೆ ಬೀಳುವವರೆಗೆ ಯಾರನ್ನೂ ಬಿಡುವುದಿಲ್ಲ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೊರಡುವ ಮೊದಲು ವಿಚಾರಿಸದೆ ಇದ್ದುದು ನನ್ನ ತಪ್ಪು. ಮಕ್ಕಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು ತಿಳಿದಿರಲಿ

ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹರಡಿಕೊಂಡಿದೆ. ಇದನ್ನು ನೋಡಿಕೊಳ್ಳುವ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಇರುವುದು ಘಟ್ಟದ ಕೆಳಗಿನ ಕಾರ್ಕಳದಲ್ಲಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಯ್ಕೆಯಾದ ತಾಣಗಳಲ್ಲಿ ಇದೂ ಒಂದು. ತುಂಗಾ, ಭದ್ರಾ, ನೇತ್ರಾವತಿ ಈ ಮೂರು ನದಿಗಳೂ ಇಲ್ಲಿನ ಗಂಗಾಮೂಲದ ಬೆಟ್ಟಗಳಲ್ಲಿ ಹುಟ್ಟುತ್ತವೆ. ಶಿವಮೊಗ್ಗದ ಗದ್ದೆಗೂ ಮಂಗಳೂರಿನ ನಲ್ಲಿಗೂ ಹೋಗುವ ನೀರಿನ ತಾಯಿಬೇರು ಇಲ್ಲಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಹೋದರೆ, ಹಳ್ಳದಲ್ಲಿ ಸೋಪು ಹಚ್ಚಿ ಮುಖ ತೊಳೆಯಲು ಕೈ ಬರುವುದಿಲ್ಲ.

ಈ ಕಾಡಿನ ಸ್ವರೂಪವನ್ನು ಮೊದಲೇ ಅರಿತುಕೊಳ್ಳಬೇಕು, ಏಕೆಂದರೆ ಬಂಡೀಪುರ, ನಾಗರಹೊಳೆಗಳನ್ನು ನೋಡಿ ಬಂದವರು ಇಲ್ಲಿಯೂ ಜೀಪಿನಲ್ಲಿ ಕುಳಿತು ಆನೆ, ಹುಲಿ ನೋಡಬಹುದೆಂದು ಎಣಿಸುತ್ತಾರೆ. ಇಲ್ಲಿ ಹುಲಿಯಿದೆ, ಚಿರತೆಯಿದೆ, ಕಾಟಿ (ಕಾಡುಕೋಣ), ಕಡವೆ, ಸೀಳುನಾಯಿಗಳಿವೆ, ಆದರೆ ಇದು ಪ್ರಾಣಿಗಳು ಕಣ್ಣಿಗೆ ಸುಲಭವಾಗಿ ಬೀಳುವ ಕಾಡಲ್ಲ. ಗುಡ್ಡದ ನೆತ್ತಿ ಮತ್ತು ಇಳಿಜಾರುಗಳಲ್ಲಿ ಬರೀ ಹುಲ್ಲು, ಎರಡು ಗುಡ್ಡಗಳು ಕೂಡುವ ತಗ್ಗಿನಲ್ಲಿ ಮಾತ್ರ ಒತ್ತಾಗಿ ಬೆಳೆದ ಕುಳ್ಳ ಮರಗಳ ಶೋಲಾ ಕಾಡು, ಅದರ ಹೊಟ್ಟೆಯಲ್ಲೊಂದು ತೊರೆ, ಇದು ಇಲ್ಲಿನ ಭೂಮಿಯ ಕಟ್ಟು. ಮಳೆಗಾಲದಲ್ಲಿ ಬಿದ್ದ ನೀರನ್ನು ಹುಲ್ಲಿನ ಬೇರು ಮತ್ತು ಶೋಲಾದ ತರಗೆಲೆಯ ಮಣ್ಣು ಹೀರಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಬಿಸಿಲಿನಲ್ಲಿ ಹುಲ್ಲುಗುಡ್ಡ ಏರಿ ಬೆವತವರು ಶೋಲಾದೊಳಗೆ ಹತ್ತು ಹೆಜ್ಜೆ ಇಟ್ಟೊಡನೆ ಬೆವರು ಆರಿ ಮೈ ಜುಮ್ಮೆನ್ನುತ್ತದೆ. ಅಲ್ಲಿನ ಮರಗಳ ಕಾಂಡವೆಲ್ಲ ಹಾವಸೆ ಹೊದ್ದು, ಮುಟ್ಟಿದರೆ ಒದ್ದೆ ಕಂಬಳಿಯಂತೆ ಇರುತ್ತದೆ.

ಈ ಕಾಡು ರಾಷ್ಟ್ರೀಯ ಉದ್ಯಾನವಾಗುವುದಕ್ಕೆ ಕಾರಣವಾದ ಪ್ರಾಣಿಯೊಂದಿದೆ, ಅದು ಸಿಂಗಳೀಕ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಇಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆ ಈ ಪ್ರದೇಶದ ಮಹತ್ವವನ್ನು ತೋರಿಸಿಕೊಟ್ಟಿತು. ಮಿರುಗುವ ಕಪ್ಪು ಮೈ, ಮುಖದ ಸುತ್ತ ಬೂದುಬಿಳಿಯ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಗೊಂಡೆ ಇರುವ ಈ ಕೋತಿ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ವರ್ಷವಿಡೀ ಯಾವುದಾದರೊಂದು ಮರ ಹಣ್ಣು ಕೊಡುವ ನಿತ್ಯಹರಿದ್ವರ್ಣದ ಕಾಡೇ ಅದಕ್ಕೆ ಬೇಕು. ಮರದ ಮೇಲಿನಿಂದಲೇ ಮರಕ್ಕೆ ದಾಟುವ ಅದರ ಬಾಳಿಗೆ ಮೇಲಾವರಣ ತುಂಡಾಗದೆ ಇರಬೇಕು. ರಸ್ತೆ ಬದಿಯಲ್ಲಿ ಬಿಸ್ಕತ್ತಿಗೆ ಕೈಚಾಚುವ ಮಂಗಗಳನ್ನು ತೋರಿಸಿ ‘ಇದೇ ಸಿಂಗಳೀಕ’ ಎಂದು ಮಕ್ಕಳಿಗೆ ಹೇಳುವವರನ್ನು ಕಂಡಿದ್ದೇನೆ. ಅವು ಊರ ಕೋತಿಗಳು. ಅವುಗಳಿಗೂ ತಿನ್ನಲು ಕೊಡಬಾರದು, ಕೊಟ್ಟಷ್ಟೂ ಅವು ರಸ್ತೆಗೆ ಇಳಿದು ಗಾಡಿಗಳ ಚಕ್ರಕ್ಕೆ ಸಿಕ್ಕುತ್ತವೆ.

ಸಫಾರಿಯೇ ಮುಖ್ಯವೆಂದಾದರೆ, ಚಿಕ್ಕಮಗಳೂರು ಜಿಲ್ಲೆಯ ಭದ್ರಾ ಅಭಯಾರಣ್ಯಕ್ಕೆ ಹೋಗುವುದು ಲೇಸು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಆ ಕಾಡಿನಲ್ಲಿ ಮುತ್ತೋಡಿ ಮತ್ತು ಲಕ್ಕವಳ್ಳಿ ಕಡೆಗಳಿಂದ ಸಫಾರಿ ಇದೆ. ಲಕ್ಕವಳ್ಳಿಯಲ್ಲಿ ಹಿನ್ನೀರಿನ ದೋಣಿ ಸಫಾರಿಯೂ ಉಂಟು. ಕುದುರೆಮುಖಕ್ಕೆ ಹೋಗಬೇಕಾದವರು ನಡೆಯಲು ಇಷ್ಟವಿರುವವರು.

ಮೊದಲ ಹೆಜ್ಜೆ: ಋತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಾಡಿದು, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಗುಡ್ಡಗಳು ಹಸಿರಾಗಿ ಕಣ್ಣಿಗೆ ಹಬ್ಬವೆನಿಸುವುದು ಆಗಲೇ. ಆದರೆ ತುದಿ ತಲುಪಿದಾಗ ಮಂಜು ಮುಚ್ಚಿಕೊಂಡು ಜೊತೆಗಿರುವವರ ಮುಖವೂ ಕಾಣದೆ ಇರುವುದು, ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಮಧ್ಯಾಹ್ನಕ್ಕೆ ಸೊಂಟದವರೆಗೆ ಏರುವುದು ಕೂಡ ಆಗಲೇ. ಮಳೆ ಅತಿಯಾದ ದಿನಗಳಲ್ಲಿ ಚಾರಣವನ್ನು ಹಠಾತ್ತನೆ ನಿಲ್ಲಿಸುವುದುಂಟು. ಆದ್ದರಿಂದ ಜುಲೈ, ಆಗಸ್ಟ್‌ಗಳಲ್ಲಿ ಹೋಗುವವರು ಹೊರಡುವ ಹಿಂದಿನ ದಿನವೂ ವಸತಿಯವರಿಗೆ ಒಮ್ಮೆ ಕರೆ ಮಾಡಿ ಕೇಳಬೇಕು.

ನನ್ನನ್ನು ಕೇಳಿದರೆ, ಕುಟುಂಬದೊಡನೆ ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ನಡುಭಾಗದಿಂದ ಡಿಸೆಂಬರ್ ಮುಗಿಯುವವರೆಗಿನ ಕಾಲವೇ ಒಳ್ಳೆಯದು. ಮಳೆ ಹಿಂದೆಗೆದಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ, ಆಕಾಶ ತಿಳಿಯಾದ ದಿನ ಕರಾವಳಿಯ ಕಡೆಯ ಬಯಲು ಕಾಣಿಸುತ್ತದೆ. ಜನವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ. ಬೆಂಕಿಯ ಕಾಲದಲ್ಲಿ ಇಲಾಖೆ ಚಾರಣ ದಾರಿಗಳನ್ನು ಮುಚ್ಚುತ್ತದೆ. ಮುಚ್ಚುವ ಮತ್ತು ತೆರೆಯುವ ದಿನ ಆಯಾ ವರ್ಷದ ಮಳೆಯನ್ನು ಅವಲಂಬಿಸಿರುವುದರಿಂದ, ಹೋದ ವರ್ಷ ಫೆಬ್ರವರಿಯಲ್ಲಿ ಯಾರೋ ಹೋಗಿದ್ದರು ಎಂಬ ಮಾತನ್ನು ನಂಬಿ ಹೊರಡಬಾರದು.

ಎರಡನೆಯ ಹೆಜ್ಜೆ: ದಾರಿಯ ಆಯ್ಕೆ

ಉದ್ಯಾನದೊಳಗೆ ಮನಸ್ಸಿಗೆ ಬಂದಲ್ಲಿ ನಡೆಯುವಂತಿಲ್ಲ, ಇಲಾಖೆ ಗುರುತಿಸಿದ ದಾರಿಗಳಲ್ಲಿ ಮಾತ್ರ ಅವಕಾಶ. ಅವುಗಳಲ್ಲಿ ಹೆಸರಾದದ್ದು ಕುದುರೆಮುಖ ಶಿಖರದ ದಾರಿ. 1,890 ಮೀಟರ್ ಮೀರಿದ ಈ ಶಿಖರ ಮುಳ್ಳಯ್ಯನಗಿರಿಗಿಂತ ತುಸುವೇ ತಗ್ಗು. ಕರಾವಳಿಯ ಕಡೆಯಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಬಂತು. ಘಟ್ಟದ ಮೇಲಿನವರು ಸಂಸೆಯ ಕಡೆಯಿಂದ ಹತ್ತುತ್ತಿದ್ದುದರಿಂದ ಇದಕ್ಕೆ ಸಂಸೆ ಪರ್ವತ ಎಂಬ ಹಳೆಯ ಹೆಸರೂ ಇದೆ. ಮುಳ್ಳೋಡಿಯಿಂದ ಹೊರಟು ಹೋಗಿಬರಲು ಒಟ್ಟು ಸುಮಾರು 20 ಕಿಲೋಮೀಟರ್ ನಡೆಯಬೇಕು. ನಡೆದು ಅಭ್ಯಾಸವಿರುವವರಿಗೂ ಎಂಟು ಗಂಟೆ ಹಿಡಿಯುತ್ತದೆ. ದಾರಿಯಲ್ಲಿ ಹಲವು ತೊರೆಗಳನ್ನು ದಾಟಬೇಕು. ಒಂಟಿಮರ ಎಂದು ಕರೆಯುವ ಜಾಗ ದಾಟಿದ ಮೇಲೆ ಬಯಲು ಏರು ಬರುತ್ತದೆ, ಅಲ್ಲಿ ಗಾಳಿಗೆ ಅಡ್ಡವಿಲ್ಲ. ಮೇಲೆ ಹಳೆಯ ಇಗರ್ಜಿಯೊಂದರ ಕಲ್ಲುಗೋಡೆಗಳು ಉಳಿದಿವೆ.

ಹತ್ತು ವರ್ಷದೊಳಗಿನ ಮಕ್ಕಳು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ದಾರಿ ಬೇಡವೆಂದೇ ಹೇಳುತ್ತೇನೆ. ಅಂಥವರಿಗೆ ಕುರಿಂಜಾಲು ಅಥವಾ ಗಂಗಡಿಕಲ್ಲು ಮೇಲು, ದೂರ ಕಡಿಮೆ. ಕುರಿಂಜಾಲಿನ ದಾರಿಯ ಬಹುಭಾಗ ಹಳೆಯ ಜೀಪ್ ರಸ್ತೆಯಾಗಿರುವುದರಿಂದ ಹೆಜ್ಜೆಗೆ ಭರವಸೆಯಿರುತ್ತದೆ. ನೇತ್ರಾವತಿ ಶಿಖರ ಈಚೆಗೆ ಯುವಕರಿಗೆ ಅಚ್ಚುಮೆಚ್ಚು. ಶೃಂಗೇರಿ ಕಡೆ ಉಳಿದುಕೊಳ್ಳುವವರು ಕಿಗ್ಗದ ಕಡೆಯಿಂದ ನರಸಿಂಹ ಪರ್ವತವನ್ನು ಆರಿಸಿಕೊಳ್ಳಬಹುದು.

ನಡೆಯಲಾರದವರು ಮನೆಯಲ್ಲೇ ಉಳಿಯಬೇಕಾಗಿಲ್ಲ. ಕುದುರೆಮುಖ ಪಟ್ಟಣದಿಂದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯಾದ ಎಸ್‌.ಕೆ. ಬಾರ್ಡರ್ ಕಡೆಗೆ ಸಾಗುವ ರಸ್ತೆಯೇ ಉದ್ಯಾನದ ನಡುವೆ ಹಾದುಹೋಗುತ್ತದೆ. ಕಡಾಂಬಿ ಜಲಪಾತ ರಸ್ತೆಯ ಅಂಚಿನಲ್ಲೇ ಇದೆ. ಸೂತನಬ್ಬಿ ಎಂದೂ ಕರೆಯುವ ಹನುಮನಗುಂಡಿಗೆ ಟಿಕೆಟ್ ಪಡೆದು ಮೆಟ್ಟಿಲಿಳಿದು ಹೋಗಬೇಕು. ಮಳೆಗಾಲದಲ್ಲಿ ಆ ಮೆಟ್ಟಿಲುಗಳು ಪಾಚಿಗಟ್ಟಿರುತ್ತವೆ, ಹಿರಿಯರ ಕೈ ಹಿಡಿದೇ ಇಳಿಸಬೇಕು. ಇದೇ ರಸ್ತೆಯಲ್ಲಿ ಗಣಿಗಾರಿಕೆಯ ಗುರುತುಗಳೂ ಕಾಣಸಿಗುತ್ತವೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಇಲ್ಲಿನ ಗಣಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಗಣಿಯ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟೆಗೂ ಪಾಳುಬಿದ್ದ ಕಟ್ಟಡಗಳಿಗೂ ಅನುಮತಿಯಿಲ್ಲದೆ ನುಗ್ಗಬಾರದು. ಆದರೆ ರಸ್ತೆಯಿಂದಲೇ ಆ ಗುಡ್ಡಗಳನ್ನು ಮಕ್ಕಳಿಗೆ ತೋರಿಸಿ, ಇಲ್ಲಿ ಏನಾಗಿತ್ತು, ಅದು ಹೇಗೆ ನಿಂತಿತು ಎಂದು ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆ: ಪರವಾನಗಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಹಿಂದೆ ಸ್ಥಳದಲ್ಲೇ ಹಣ ಕಟ್ಟಿ ಚೀಟಿ ಪಡೆಯುವ ರೂಢಿಯಿತ್ತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜನಜಾತ್ರೆಯೇ ನೆರೆದ ಮೇಲೆ ಸರ್ಕಾರ ಚಾರಣದ ನಿಯಮಗಳನ್ನು ಬಿಗಿಗೊಳಿಸಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು, ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ ಇದೆ.

ಕಾಯ್ದಿರಿಸುವಾಗ ಮೊದಲು ಚಾರಣದ ದಾರಿಯನ್ನು, ಆಮೇಲೆ ದಿನಾಂಕವನ್ನು ಆರಿಸಿ, ಜಾಗ ಉಳಿದಿದೆಯೇ ನೋಡಿಕೊಳ್ಳಿ. ಮಳೆಗಾಲದ ಶನಿವಾರ, ಭಾನುವಾರಗಳು ಬಹಳ ಬೇಗ ತುಂಬಿಹೋಗುತ್ತವೆ. ಮಂಗಳವಾರ, ಬುಧವಾರ ರಜೆ ಹಾಕಲು ಸಾಧ್ಯವಿದ್ದರೆ ದಾರಿಯೂ ನಿಮ್ಮದು, ಹಕ್ಕಿಯ ದನಿಯೂ ನಿಮ್ಮದು. ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿಯ ವಿವರಗಳನ್ನು ಚೀಟಿಯಲ್ಲಿ ಇರುವಂತೆಯೇ ತುಂಬಬೇಕು, ಏಕೆಂದರೆ ಅಲ್ಲಿ ಅದನ್ನು ಹೋಲಿಸಿ ನೋಡುತ್ತಾರೆ. ಕುದುರೆಮುಖಕ್ಕೆ ಪಡೆದ ಟಿಕೆಟ್ಟನ್ನು ತೋರಿಸಿ ನೇತ್ರಾವತಿ ಹತ್ತಲಾಗುವುದಿಲ್ಲ. ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಂಡು, ಮೂಲ ಗುರುತಿನ ಚೀಟಿಯೊಂದಿಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಟ್ಟುಕೊಳ್ಳುವುದು ಕ್ಷೇಮ. ಮೊಬೈಲಿನಲ್ಲಿ ತೆರೆಯೋಣವೆಂದರೆ ಅಲ್ಲಿ ನೆಟ್‌ವರ್ಕ್ ಸಿಗದೆ ಹೋಗಬಹುದು. ಚಾರಣದ ಹೊತ್ತು ಬೆಳಿಗ್ಗೆ 6ರಿಂದ ಸಂಜೆ 6ರ ಒಳಗೆ. ಕಾಡಿನೊಳಗೆ ಡೇರೆ ಹಾಕಿ ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ.

ದಾರಿ, ಗಾಡಿ, ವಸತಿ

ಪರವಾನಗಿ ಕೈಗೆ ಬಂದ ಮೇಲೆ ಉಳಿದದ್ದು ಸಲೀಸು. ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು ಮಾರ್ಗವಾಗಿ, ಶಿಖರದ ದಾರಿಗೆ ಹತ್ತಿರದ ಪೇಟೆಯಾದ ಕಳಸಕ್ಕೆ ಸುಮಾರು 90 ಕಿಲೋಮೀಟರ್. ತಿರುವುಗಳ ರಸ್ತೆಯಾದ್ದರಿಂದ ಮೂರು ಗಂಟೆ ಇಟ್ಟುಕೊಳ್ಳಬೇಕು. ಹಾಸನದವರು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಬರುವುದು ಅನುಕೂಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿಯ ದಾರಿ ಹಿಡಿಯದೆ ಕಳಸದ ಕಡೆಗೆ ತಿರುಗಬೇಕು. ಬಸ್ಸಿನಲ್ಲಿ ಬರುವವರಿಗೆ ಹೊರನಾಡಿನ ಬಸ್ಸುಗಳು ಕಳಸದ ಮೇಲೆಯೇ ಹೋಗುತ್ತವೆ. ಪೆಟ್ರೋಲ್ ಮತ್ತು ನಗದು ಎರಡನ್ನೂ ಕಳಸದಲ್ಲೇ ತುಂಬಿಸಿಕೊಳ್ಳುವುದು ಜಾಣತನ.

ವಸತಿಗೆ ಕಳಸ, ಸಂಸೆ, ಬಾಳೆಗಲ್ಲಿನ ಸುತ್ತ ಹೋಂಸ್ಟೇಗಳಿವೆ. ಶಿಖರ ಹತ್ತುವವರು ಹಿಂದಿನ ರಾತ್ರಿಯೇ ಅಲ್ಲಿಗೆ ತಲುಪಿರಬೇಕು. ಚಿಕ್ಕಮಗಳೂರಿನಿಂದ ಬೆಳಿಗ್ಗೆ ಹೊರಟು ಅದೇ ದಿನ ಶಿಖರ ಹತ್ತಿ ಮರಳುವ ಯೋಜನೆ ಯಾರಿಗೂ ಒಗ್ಗುವುದಿಲ್ಲ. ಮುಳ್ಳೋಡಿಯವರೆಗಿನ ಕೊನೆಯ ಕಚ್ಚಾದಾರಿಗೆ ಕಾರು ತಡೆಯದು, ಸ್ಥಳೀಯರ ಜೀಪೇ ಆಗಬೇಕು. ಹೋಂಸ್ಟೇ ಮಾತಾಡುವಾಗ ಜೀಪಿನ ಬಾಡಿಗೆ ಸೇರಿದೆಯೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ತಿಂಡಿ ಕೊಡುತ್ತಾರೆ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಡುತ್ತಾರೆಯೇ ಎಂಬ ಮೂರನ್ನು ಕೇಳಿಕೊಂಡರೆ ಸಾಕು. ಉದ್ಯಾನದ ಒಳರಸ್ತೆಯನ್ನು ಹಗಲಿನಲ್ಲೇ ದಾಟುವಂತೆ ಹೊತ್ತನ್ನು ಹೊಂದಿಸಿಕೊಳ್ಳಿ, ನಡುವೆ ಗಾಡಿ ನಿಲ್ಲಿಸಿ ಊಟಕ್ಕೆ ಕೂರಬೇಡಿ.

ಚೀಲದಲ್ಲಿ ಏನಿರಬೇಕು

ಜೀನ್ಸ್ ಬೇಡ, ಒಮ್ಮೆ ನೆನೆದರೆ ದಿನವಿಡೀ ಆರುವುದಿಲ್ಲ, ತೊಡೆ ಉಜ್ಜಿ ಹೋಗುತ್ತದೆ. ಬೇಗ ಒಣಗುವ ಪ್ಯಾಂಟು, ಹಿಡಿತವಿರುವ ಅಡಿಯ ಬೂಟು, ಎರಡು ಜೊತೆ ಉದ್ದ ಕಾಲುಚೀಲ ಇರಲಿ. ಬೋಳುಗುಡ್ಡದ ಗಾಳಿಗೆ ಕೊಡೆ ನಿಲ್ಲದು, ರೇನ್‌ಕೋಟೇ ಗತಿ. ತಲಾ ಎರಡು ಲೀಟರ್ ನೀರು ಹಿಡಿಯುವ ಸ್ಟೀಲ್ ಬಾಟಲಿಗಳು, ಅಕ್ಕಿರೊಟ್ಟಿಯೋ ಚಪಾತಿಯೋ ಬಾಳೆಎಲೆಯಲ್ಲಿ ಸುತ್ತಿದ ಬುತ್ತಿ, ಬೆಲ್ಲ, ಕಡಲೆಬೀಜ, ಒಂದು ಟಾರ್ಚು, ಒಂದು ಸೀಟಿ. ಡ್ರೋನ್, ಮದ್ಯ, ಧ್ವನಿವರ್ಧಕ ಮನೆಯಲ್ಲೇ ಉಳಿಯಲಿ. ಬೆಂಕಿಪೊಟ್ಟಣವೂ ಅಷ್ಟೆ.

ಉಂಬಳದ, ಅಂದರೆ ನೆಲದ ಜಿಗಣೆಯ, ವಿಚಾರವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮಳೆಗಾಲದಲ್ಲಿ ಪೇಟೆಯವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ. ತರಗೆಲೆಯ ಮೇಲೆ ದಾರದ ಎಳೆಯಂತೆ ಎದ್ದು ನಿಂತು, ಮೈಯ ಬಿಸಿ ಮತ್ತು ಹೆಜ್ಜೆಯ ಅದುರನ್ನು ಹಿಡಿದು, ಬೂಟಿನ ಅಂಚಿನಿಂದ ಮೇಲೇರುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲದ ಹೊರಮೈಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಹೊಗೆಸೊಪ್ಪಿನ ಪುಡಿಯನ್ನು ಸವರಿಕೊಳ್ಳುವುದು ಮಲೆನಾಡಿನವರ ಪದ್ಧತಿ. ಕಚ್ಚಿದರೆ ಗಾಬರಿಯಿಂದ ಎಳೆಯಬೇಡಿ. ಉಗುರಿನ ಅಂಚನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಕೆಳಗೆ ಮೆಲ್ಲನೆ ಜಾರಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥವನ್ನು ಅದು ಗಾಯಕ್ಕೆ ಬಿಟ್ಟಿರುವುದರಿಂದ ಬಹಳ ಹೊತ್ತು ರಕ್ತ ಒಸರುತ್ತಿರುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ನಮ್ಮ ಭಾವನ ಕಿರಿಯ ಮಗಳು ಮುಂದಿನ ಅಕ್ಟೋಬರಿನಲ್ಲಿ ನಮ್ಮೊಡನೆ ಬಂದಾಗ ಮೊದಲ ಉಂಬಳಕ್ಕೆ ಅತ್ತಳು, ಮೂರನೆಯದನ್ನು ತಾನೇ ಬಿಡಿಸಿ, ಎಲೆಯ ಮೇಲಿಟ್ಟು, ಅದು ಹೇಗೆ ನಡೆಯುತ್ತದೆಂದು ಕುಳಿತು ನೋಡಿದಳು.

ನಡೆಯುವ ದಿನ

ಏಳು ಗಂಟೆಯೊಳಗೆ ನಡಿಗೆ ಶುರುವಾಗಬೇಕು. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು ಉಳಿದವರು ಅವರ ಹಿಂದೆ ಹೋಗಬೇಕು, ಮಾರ್ಗದರ್ಶಿಯನ್ನು ಬಿಟ್ಟು ಅಡ್ಡದಾರಿ ಹಿಡಿಯಬಾರದು. ಹುಲ್ಲಿನ ಇಳಿಜಾರಿನಲ್ಲಿ ಅಡ್ಡದಾರಿ ತುಳಿದರೆ ಬೇರು ಸಡಿಲಗೊಂಡು, ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗಿ, ಅದೇ ಕೊರಕಲಾಗುತ್ತದೆ. ಹೊತ್ತಿಗೆ ಒಂದು ಗಡುವು ಇಟ್ಟುಕೊಳ್ಳಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ, ಶಿಖರ ಕಣ್ಣೆದುರೇ ಇದ್ದರೂ, ಹಿಂದಿರುಗಬೇಕು. ಕಾಟಿ ಎದುರಾದರೆ ನಿಂತು, ಸದ್ದಿಲ್ಲದೆ ಹಿಂದೆ ಸರಿದು, ಅದಕ್ಕೆ ದಾರಿ ಬಿಡಬೇಕು. ಹಳ್ಳ ಕೆಂಪಗೆ ಹರಿಯುತ್ತಿದ್ದರೆ ಮೇಲೆ ಮಳೆಯಾಗಿದೆ ಎಂದು ತಿಳಿದು, ಮಾರ್ಗದರ್ಶಿ ಹೇಳದೆ ದಾಟಬಾರದು.

ಕೆಳಗಿಳಿದ ಮೇಲೆ ಹೊರಬಂದುದನ್ನು ತಿಳಿಸಿ ಹೊರಡಿ, ಇಲ್ಲವಾದರೆ ಸಿಬ್ಬಂದಿ ಕತ್ತಲಲ್ಲಿ ನಿಮ್ಮನ್ನು ಹುಡುಕಬೇಕಾಗುತ್ತದೆ. ಕೊಂಡೊಯ್ದ ಚಾಕೊಲೇಟಿನ ಸಿಪ್ಪೆಗಳನ್ನು ಎಣಿಸಿ ವಾಪಸು ತನ್ನಿ. ಜೀಪು ಹತ್ತುವ ಮೊದಲು ಮಕ್ಕಳ ಕಾಲುಚೀಲ ಬಿಚ್ಚಿಸಿ ನೋಡಿ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ರಕ್ತ ಹೀರುವ ಪುಟ್ಟ ಜೀವಿಯಾದ ಉಣುಗಿನ ಕಡಿತದಿಂದ ಹರಡುತ್ತದೆ. ಆ ತಿಂಗಳುಗಳಲ್ಲಿ ಹೋದವರು ವಸತಿಗೆ ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂಭಾಗದಲ್ಲಿ ಉಣುಗು ಇದೆಯೇ ಎಂದು ನೋಡಿಕೊಂಡು, ಉಟ್ಟ ಬಟ್ಟೆಯನ್ನು ಕುದಿನೀರಿನಲ್ಲಿ ನೆನೆಸಿಡಬೇಕು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಮನೆಗೆ ಬಂದು ಹತ್ತು ದಿನದೊಳಗೆ ಯಾರಿಗಾದರೂ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಕಾಡಿಗೆ ಹೋಗಿದ್ದೆವೆಂಬುದನ್ನು ಮೊದಲ ಮಾತಿನಲ್ಲೇ ಹೇಳಿ.